ಕಣಜದ ತಳಪಾಯ ಮತ್ತು ಬಿರುಕಿನ ಪರೀಕ್ಷೆ

ಧಾನ್ಯ ತುಂಬುವ ಎತ್ತರವಾದ ಕಾಂಕ್ರೀಟು ಗೋಪುರಕ್ಕೆ ಸೈಲೊ ಎಂದು ಹೆಸರು. ನಮ್ಮ ನುಡಿಯಲ್ಲಿ ಕಣಜವೆಂದರೆ ಸಾಕು. ಮನೆಯ ಭಾರ ಬಹುಮಟ್ಟಿಗೆ ಸ್ಥಿರವಾದುದು. ಕಣಜದ ಭಾರವಾದರೋ ತುಂಬಿದಾಗ ಏರಿ, ಬರಿದಾದಾಗ ಇಳಿಯುವುದು. ಆದುದರಿಂದ ಅದರ ತಳಪಾಯದ ಬಿರುಕನ್ನು ಒಮ್ಮೆ ನೋಡಿ ತೀರ್ಮಾನಿಸಲಾಗದು. ಬಿರುಕಿನ ತುದಿಗಳಲ್ಲಿ ಗೆರೆಯೆಳೆದು ತೇದಿ ಬರೆದು, ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯನ್ನು ಗಾರೆಯಿಂದ ಬಂಧಿಸುವುದು ಹಳೆಯ ಕ್ರಮ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆಯೆಂದು ತಿಳಿಯಬೇಕು. ಕಾಂಕ್ರೀಟು ಒಣಗುವಾಗ ಮೂಡುವ ಕೂದಲೆಳೆಯಂತಹ ಗೆರೆಗಳು ಸಾಮಾನ್ಯವಾಗಿ ನಿರಪಾಯಕರ. ಓರೆಯಾಗಿ ಹರಿದು ಅಗಲವಾಗುತ್ತ ಹೋಗುವುದು, ತುಕ್ಕಿನ ಕಲೆಯನ್ನು ಹೊರಸೂಸುವುದು ಕಳವಳಕ್ಕೆ ಕಾರಣ.

ಬಿರುಕಿಲ್ಲವೆಂದ ಮಾತ್ರಕ್ಕೆ ಕ್ಷೇಮವೆನ್ನಬಹುದೇ? ಕೆನಡಾ ದೇಶದ ವಿನಿಪೆಗ್ ನಗರದ ಬಳಿ, ಟ್ರಾನ್ಸ್‌ಕೋನಾದಲ್ಲಿ, 65 ಕಣಜಗಳನ್ನು ಸುಮಾರು 2 ಅಡಿ ದಪ್ಪದ ಒಂದೇ ಕಾಂಕ್ರೀಟು ಹಾಸಿನ ಮೇಲೆ ನಿಲ್ಲಿಸಲಾಗಿತ್ತು. 1913ರ ಸೆಪ್ಟೆಂಬರಿನಲ್ಲಿ ಧಾನ್ಯ ತುಂಬಲು ತೊಡಗಿದರು. ಅಕ್ಟೋಬರ್ 18ರಂದು ಆ ಭಾರೀ ಕಟ್ಟಡವು ಒಂದು ಗಂಟೆಯೊಳಗೆ ಒಂದಡಿಯಷ್ಟು ಕುಸಿದು, ಒಂದು ಹಗಲಿರುಳಿನಲ್ಲಿ ಸುಮಾರು 27 ಡಿಗ್ರಿ ವಾಲಿತು. ವಿಸ್ಮಯವೆಂದರೆ, ಕಣಜಗಳು ಒಡೆಯಲಿಲ್ಲ! ದೋಷವಿದ್ದುದು ಅಡಿಯ ಮೆತ್ತನೆಯ ಜೇಡಿಮಣ್ಣಿನಲ್ಲಿ. ನೆಲವನ್ನು ಪರೀಕ್ಷಿಸಲಿಲ್ಲವೆಂದಲ್ಲ, ಚಿಕ್ಕ ಹಲಗೆಯ ಮೇಲೆ ಭಾರವಿಟ್ಟು ಮಾಡಿದ ಪರೀಕ್ಷೆಯು ಮೇಲಣ ಗಟ್ಟಿ ಪದರವನ್ನಷ್ಟೇ ಮುಟ್ಟಿತ್ತು. ಮುಂದೆ ಬಂಡೆಯವರೆಗೆ ಕಾಂಕ್ರೀಟು ಕಂಬಗಳನ್ನಿಳಿಸಿ, 1914ರಲ್ಲಿ ಆ ಕಣಜಗಳನ್ನೇ ನೆಟ್ಟಗೆ ನಿಲ್ಲಿಸಿದರು.

ಅಖಂಡವಾದ ಹಾಸು ಬಿರುಕು ಬಿಡದೆಯೇ ವಾಲಬಲ್ಲುದು. ಆದಕಾರಣ ಪರೀಕ್ಷಕರು ಬಿರುಕಿನ ಅಗಲದೊಡನೆ ತಳಪಾಯದ ನಾಲ್ಕು ಮೂಲೆಗಳ ಮಟ್ಟವನ್ನೂ, ಕಣಜ ತುಂಬುವ ಮುನ್ನ ಮತ್ತು ತುಂಬಿದ ಬಳಿಕ, ಅಳೆದು ಬರೆದಿಡುತ್ತಾರೆ.