ಕೊಳೆರೋಗದ ನೀರಬೂಷ್ಟೂ ಅದರೊಳಗಿನ ಸಂದೇಶವಾಹಕ ಪ್ರೋಟೀನುಗಳೂ

ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿಗಳು ನೀರು ಕುಡಿದಂಥ ಕಲೆ ಬಿದ್ದು, ಕೊಳೆತು ಉದುರುವುದು ಮಲೆನಾಡಿನ ತೋಟದ ಯಜಮಾನರಿಗೆ ವಿದಿತವೇ ಆಗಿದೆ. ಇದಕ್ಕೆ ಫೈಟಾಫ್ತೊರ ಎಂಬ ಬೂಷ್ಟೇ ಕಾರಣವೆಂಬುದನ್ನು, ಕೆನಡಾ ದೇಶದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಲೆಸ್ಲಿ ಕೋಲ್ಮನ್‌ರವರು 1910ರಲ್ಲಿ ವಿವರಿಸಿದರು. ರೂಢಿಯಲ್ಲಿ ಇದನ್ನು ಶಿಲೀಂಧ್ರವೆಂದು ಕರೆದಾಗ್ಯೂ ವಂಶದಲ್ಲಿ ಇದು ಕಂದುಬಣ್ಣದ ಕಡಲಪಾಚಿಗೆ ಹತ್ತಿರವಾದುದು. ನೀರೇ ಇದರ ತವರು.

ಕೊಳೆತ ಕಾಯಿಯ ಮೇಲೆ ಕಾಣುವ ಬಿಳಿಯ ಬೂಷ್ಟಿನಲ್ಲಿ ಅಸಂಖ್ಯ ಬೀಜಚೀಲಗಳಿರುತ್ತವೆ. ನೀರು ನಿಂತು ತಂಪು ತಗಲಿತೆಂದರೆ ಚೀಲದೊಳಗಿನ ದ್ರವ್ಯವು ಹಲವು ಭಾಗಗಳಾಗಿ ಒಡೆದು, ಎರಡೆರಡು ಬಾಲಗಳುಳ್ಳ ಕಣಗಳು ಹೊರಬಿದ್ದು ಈಜತೊಡಗುತ್ತವೆ. ಇವನ್ನು ಚರಬೀಜಗಳೆನ್ನಬಹುದು. ನಮ್ಮ ಹಿರಿಯರು ಗೊನೆಗಳಿಗೆ ಕೊಟ್ಟೆ ಕಟ್ಟಿಸುತ್ತಿದ್ದುದು ಅರ್ಥವಿಲ್ಲದ ಆಚಾರವಲ್ಲ. ನೀರು ತಗಲದ ಕಾಯಿಯ ಮೇಲೆ ಚರಬೀಜಕ್ಕೆ ಈಜಲು ಸ್ಥಳವಿಲ್ಲ.

ಕಣ್ಣಿಲ್ಲದ ಈ ಕಣಕ್ಕೆ ದಾರಿ ಹೇಗೆ ತಿಳಿಯುತ್ತದೆ? ಜೀವಕೋಶದ ಪೊರೆಯ ಒಳಮೈಯಲ್ಲಿ ಜಿ-ಪ್ರೋಟೀನುಗಳೆಂಬ ವಸ್ತುಗಳಿದ್ದು, ಬಾಗಿಲ ಕಾವಲುಗಾರನಂತೆ ಹೊರಗಣ ಸುದ್ದಿಯನ್ನು ಒಳಕ್ಕೆ ಮುಟ್ಟಿಸುತ್ತವೆ. ಆಲೂಗಡ್ಡೆಯ ಅಂಗಮಾರಿಗೆ ಕಾರಣವಾದ ಇದೇ ಕುಲದ ಬೂಷ್ಟಿನಲ್ಲಿ, ನೆದರ್ಲೆಂಡ್ಸ್ ದೇಶದ ವಾಗನಿಂಗನ್ನಿನ ವಿದ್ವಾಂಸರು ಇವನ್ನು ಪರೀಕ್ಷಿಸಿ 2003 ಮತ್ತು 2004ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಪ್ರೋಟೀನಿನ ಬೀಟಾ ಭಾಗವು ಹುಟ್ಟದಂತೆ ಮಾಡಿದಾಗ ಬೀಜಚೀಲಗಳೇ ಬಹಳ ಕಡಮೆಯಾದುವು. ಆಲ್ಫಾ ಭಾಗವು ಹುಟ್ಟದಂತೆ ಮಾಡಿದಾಗ ಚರಬೀಜಗಳು ನೇರವಾಗಿ ಈಜಲಾರದೆ ಪದೇಪದೇ ತಿರುಗುತ್ತಿದ್ದುವು. ರೋಗ ಹತ್ತಿಸುವ ಶಕ್ತಿಯೂ ಬಹಳವಾಗಿ ಕುಗ್ಗಿತು.

ಅಂದರೆ ಈಜು ಕೆಟ್ಟರೆ ರೋಗವೂ ಕೆಟ್ಟಿತು. ಗಟ್ಟಿ ಕವಚವಿಲ್ಲದೆ ಈಜುವ ಆ ಸ್ವಲ್ಪ ಹೊತ್ತೇ ಬೂಷ್ಟಿನ ದುರ್ಬಲ ಕಾಲ. ಚರಬೀಜವು ಕಾಯಿಗೆ ಅಂಟಿ, ಕವಚ ತೊಟ್ಟು, ಮೊಳೆತು ಒಳಹೊಕ್ಕ ಮೇಲೆ ಬೋರ್ಡೋ ದ್ರಾವಣವು ಹೆಚ್ಚೇನೂ ಮಾಡಲಾರದು. ಆದಕಾರಣ ಮುಂಗಾರು ಹಿಡಿಯುವುದಕ್ಕೆ ಮೊದಲೇ ಶೇಕಡಾ 1ರ ದ್ರಾವಣವು ಗೊನೆಯ ಮೇಲಿರತಕ್ಕದ್ದು. 100 ಲೀಟರು ನೀರಿಗೆ ಮೈಲುತುತ್ತ 1 ಕಿಲೋ, ಸುಟ್ಟಸುಣ್ಣ 1 ಕಿಲೋ. ಬೇರೆ ಬೇರೆಯಾಗಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ತಿರುಗುಮುರುಗು ಮಾಡಬಾರದು. ಉಜ್ಜಿದ ಕಬ್ಬಿಣದ ಕತ್ತಿಯನ್ನದ್ದಿದಾಗ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯತಕ್ಕದ್ದು. 40-45 ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕು.

ಒಬ್ಬನು ಸಿಂಪಡಿಸಿ, ನೆರೆಯವನ ಕೊಳೆತ ಗೊನೆ ಮರದಲ್ಲಿಯೇ ಉಳಿದರೆ ಗಾಳಿಮಳೆಯೊಡನೆ ಬೀಜಚೀಲಗಳು ಬೇಲಿ ದಾಟಿ ಬರುತ್ತವೆ. ಮರ ಹತ್ತುವ ಕೊನೆಗೌಡರು ಎಲ್ಲರಿಗೂ ಒಮ್ಮೆಗೇ ದೊರೆಯುವುದು ಕಷ್ಟವಾದುದರಿಂದ, ಊರಿನ ಮುಖಂಡರು ಮೇ ತಿಂಗಳಿನಲ್ಲಿಯೇ ತೋಟಗಳ ಸರದಿಯನ್ನು ಗೊತ್ತುಮಾಡಿ, ಉದುರಿದ ಕಾಯಿಗಳನ್ನು ಆರಿಸಿ ತೋಟದಾಚೆ ಸುಡಿಸುವ ಏರ್ಪಾಡನ್ನೂ ಮಾಡತಕ್ಕದ್ದು.