ಜ್ವರ ಬಂದ ಮೊದಲ ದಿನವೇ ಫೋನು ಮಾಡು

ಗೆಳೆಯರೆಲ್ಲ ಮಾಸ್ಕನ್ನು ಮರೆತು ಎಷ್ಟೋ ಕಾಲವಾಯಿತು, ನನಗೊಬ್ಬನಿಗೇ ಯಾಕೆ ದೊಡ್ಡಮ್ಮಾ ಈ ಶಿಕ್ಷೆ ಎಂದು ಮೊನ್ನೆ ಕೇಳಿದೆಯಲ್ಲ ಮಗೂ, ಅದಕ್ಕೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಊರಿಗೆಲ್ಲ ಅದು ಪೂರ್ತಿ ನಿಜ. ಅಮ್ಮನ ಕಿಡ್ನಿ ಪಡೆದ ನಿನಗೂ, ಅಣ್ಣನ ಕಿಡ್ನಿಯಿಂದ ಇಷ್ಟು ವರ್ಷ ಬಾಳಿದ ನನಗೂ ಅದು ಅರ್ಧ ನಿಜ. ವೈರಸ್ಸು ಇನ್ನೂ ಸುಳಿದಾಡುತ್ತಿದೆ, ನಮ್ಮ ಮಾತ್ರೆಗಳೂ ನಿಂತಿಲ್ಲ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಹೆದರಿಕೆಯಿಂದಲೇ ನಮ್ಮಂಥವರು ಹೆಚ್ಚು ಹಾನಿ ಮಾಡಿಕೊಂಡದ್ದನ್ನು ಕಂಡಿದ್ದೇನೆ. ನಾನು ಹೇಳಬೇಕಾದದ್ದು ಇಷ್ಟೆ: ಜ್ವರವೋ ಕೆಮ್ಮೋ ಗಂಟಲುನೋವೋ ಕಾಣಿಸಿದ ಮೊದಲ ದಿನವೇ ನಿನ್ನ ಕಸಿ ವೈದ್ಯರಿಗೆ ಫೋನು ಮಾಡು. ಅವರು ಹೇಳುವವರೆಗೆ ನಿನ್ನ ಮಾತ್ರೆ ಡಬ್ಬಿಯಿಂದ ಒಂದನ್ನೂ ಬಿಡಬೇಡ, ಅದಕ್ಕೆ ಒಂದನ್ನೂ ಸೇರಿಸಬೇಡ. ಇದನ್ನು ಸುಮ್ಮನೆ ಒಪ್ಪಿಕೋ ಎನ್ನುವುದಿಲ್ಲ. ನೀನು ಎಂಜಿನಿಯರಿಂಗ್ ಓದಿದವನು, ಕಾರಣ ತಿಳಿಯದೆ ಯಾವುದನ್ನೂ ಬಹಳ ದಿನ ಪಾಲಿಸುವವನಲ್ಲ.

1954ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರ ತಂಡ ಮಾಡಿದ ಕಿಡ್ನಿ ಕಸಿ ಗೆದ್ದದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಬಂದ ಕಿಡ್ನಿಯನ್ನು ದೇಹ ತನ್ನದೆಂದೇ ನಂಬಿತು. ನಮಗೆ ಆ ಅದೃಷ್ಟವಿಲ್ಲ. ಹೆತ್ತ ತಾಯಿಯದೇ ಆದರೂ ನಿನ್ನ ದೇಹಕ್ಕೆ ಅದು ಪರರ ವಸ್ತು. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಕಿಡ್ನಿ ಕಸಿ ಯಶಸ್ವಿಯಾದಾಗ ವೈದ್ಯರ ಕೈಯಲ್ಲಿದ್ದ ಔಷಧಗಳು ಕಡಿಮೆ. ನೀನು ದಿನಕ್ಕೆರಡು ಬಾರಿ ನುಂಗುವ ಟ್ಯಾಕ್ರೋಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಅದರ ಜೊತೆಗೆ ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್. ಪರರದೆಂದು ಗುರುತಿಸಿ ಮೇಲೆ ಬೀಳುವ ಬಿಳಿ ರಕ್ತಕಣಗಳ ಕೈಯನ್ನು ಈ ಮೂರೂ ಹಿಡಿದಿಡುತ್ತವೆ. ಕೊರೊನಾ ವೈರಸ್ಸನ್ನು ಎದುರಿಸಬೇಕಾದವೂ ಅವೇ ಕಣಗಳು. ನಮ್ಮ ಕಷ್ಟವೆಲ್ಲ ಇರುವುದು ಇಲ್ಲೇ.

ಭತ್ತದ ಗದ್ದೆಗೆ ನೀರು ನಿಲ್ಲಿಸುವುದನ್ನು ನೀನು ಊರಲ್ಲಿ ನೋಡಿದ್ದೀಯ. ಹೆಚ್ಚಾದರೆ ಪೈರು ಕೊಳೆಯುತ್ತದೆ, ಇಳಿದರೆ ಬಿರುಕು ಬಿಡುತ್ತದೆ. ಮಳೆ ಜೋರಾದ ದಿನ ಮಡೆ ಎಷ್ಟು ತೆಗೆಯಬೇಕು ಎಂಬುದು ಗದ್ದೆಯನ್ನು ಬಲ್ಲವನಿಗೆ ಮಾತ್ರ ಗೊತ್ತು. ನಿನ್ನ ರಕ್ತದಲ್ಲಿ ಟ್ಯಾಕ್ರೋ ಎಷ್ಟಿರಬೇಕು ಎಂಬುದೂ ಹಾಗೆಯೇ. ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟು ಬಾ ಎಂದು ಅವರು ಪದೇ ಪದೇ ಹೇಳುವುದು ಆ ಮಟ್ಟ ತಿಳಿಯಲು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆಮೇಲೆ ಲಾಕ್‌ಡೌನ್. ಆ ದಿನಗಳಲ್ಲಿ ಕಸಿಯಾದವರನ್ನು ಮೊದಲು ಕಾಡಿದ್ದು ವೈರಸ್ಸಲ್ಲ, ಮಾತ್ರೆ. ಬೆಂಗಳೂರಿನಿಂದ ತರಿಸಿಕೊಳ್ಳುತ್ತಿದ್ದವರಿಗೆ ಬಸ್ಸಿಲ್ಲ, ಕೊರಿಯರ್ ಇಲ್ಲ, ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಆ ಹೆಸರನ್ನೇ ಕೇಳಿದವರಿಲ್ಲ. ಅದಕ್ಕೇ ಹೇಳುತ್ತೇನೆ, ಒಂದು ತಿಂಗಳ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ. ಸಿಗಲಿಲ್ಲವೆಂದು ಬೇರೆ ಕಂಪನಿಯ ಟ್ಯಾಕ್ರೋ ತಂದು ನುಂಗಬೇಡ. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಮತ್ತೆ ಲೆವೆಲ್ ನೋಡಿಸು.

ಆಗ ನಮ್ಮ ದೇಶದ 13 ಆಸ್ಪತ್ರೆಗಳ ವೈದ್ಯರು, ಕೊರೊನಾ ಬಂದ 250 ಕಿಡ್ನಿ ಕಸಿ ರೋಗಿಗಳ ಲೆಕ್ಕ ಕೂಡಿಸಿ ಬರೆದರು. ನೂರಕ್ಕೆ 11.6 ಮಂದಿ ತೀರಿಕೊಂಡಿದ್ದರು. ಆಸ್ಪತ್ರೆಗೆ ಸೇರಿದವರನ್ನಷ್ಟೇ ಲೆಕ್ಕ ಹಿಡಿದರೆ 14.5. ವೆಂಟಿಲೇಟರ್ ಹಾಕಬೇಕಾಗಿ ಬಂದವರಲ್ಲಿ ಉಳಿದವರು ತೀರ ವಿರಳ. ನೀನು ಈ ಅಂಕಿಗಳನ್ನು ಇಂಟರ್‌ನೆಟ್ಟಿನಲ್ಲಿ ನೋಡಿ ರಾತ್ರಿ ನಿದ್ದೆಗೆಡುವವನೆಂದು ನನಗೆ ಗೊತ್ತು, ಆದ್ದರಿಂದ ಇದನ್ನು ಓದುವ ರೀತಿ ಹೇಳುತ್ತೇನೆ. ಲಸಿಕೆ ಇನ್ನೂ ನಮ್ಮ ಕೈಗೆ ಬಾರದಿದ್ದ ಕಾಲದ ಲೆಕ್ಕ ಇದು. ಆಗಲೂ ನೂರರಲ್ಲಿ ಎಂಬತ್ತೆಂಟು ಮಂದಿ ಮನೆಗೆ ಬಂದರು. ಇವತ್ತಿನ ಸ್ಥಿತಿ ಅದಕ್ಕಿಂತ ಎಷ್ಟೋ ಮೇಲು. ಉಸಿರಿಗೆ ತೊಂದರೆಯಾಗುವ ಮೊದಲೇ ವೈದ್ಯರ ಕಣ್ಣಿಗೆ ಬೀಳಬೇಕು ಎನ್ನುವುದು ಮಾತ್ರ ಆಗಿನಂತೆ ಈಗಲೂ ಬದಲಾಗಿಲ್ಲ.

ಲಸಿಕೆಯ ವಿಷಯ. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾಯಿತು. ಮಾರ್ಚ್ 1ರಿಂದ ನಲವತ್ತೈದು ದಾಟಿದ, ಬೇರೆ ಕಾಯಿಲೆಗಳಿದ್ದವರಿಗೆ ಕೊಡತೊಡಗಿದಾಗ ಆ ಪಟ್ಟಿಯಲ್ಲಿ ಕಿಡ್ನಿ, ಲಿವರ್ ಕಸಿಯಾದವರ ಹೆಸರೂ ಇತ್ತು. ನಮ್ಮಲ್ಲಿ ಬಹಳ ಮಂದಿ ಹಿಂಜರಿದರು. ಲಸಿಕೆ ಒಳಗಿನ ಕಣಗಳನ್ನು ಎಬ್ಬಿಸುತ್ತದೆಯಂತೆ, ಎದ್ದವು ಕಿಡ್ನಿಯ ಮೇಲೆ ಬೀಳುತ್ತವೆಯಂತೆ ಎಂಬ ಅಂತೆಕಂತೆ. ಲಸಿಕೆಯಿಂದ ರಿಜೆಕ್ಷನ್ ಹೆಚ್ಚಿತೆಂಬುದಕ್ಕೆ ಆಧಾರ ಸಿಕ್ಕಿಲ್ಲ. ನಮಗೆ ಕೂಡದ್ದು ಜೀವಂತ ರೋಗಾಣು ಇರುವ ಲಸಿಕೆ. ಕೋವ್ಯಾಕ್ಸಿನ್ ಸತ್ತ ವೈರಸ್ಸಿನಿಂದ ಮಾಡಿದ್ದು, ಕೋವಿಶೀಲ್ಡ್ ಒಳಗಿನದು ದೇಹದಲ್ಲಿ ಬೆಳೆಯಲಾರದ ವೈರಸ್ಸು. ಎರಡೂ ನಮಗೆ ಅಪಾಯದವಲ್ಲ.

ನಿಜವಾದ ತೊಂದರೆ ಬೇರೆ ಇತ್ತು. ಲಸಿಕೆ ನಮ್ಮಲ್ಲಿ ನಾಟುವುದೇ ಕಡಿಮೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಅಲ್ಲಿ ಬಳಸಿದ ಲಸಿಕೆ ಪಡೆದ ಕಸಿ ರೋಗಿಗಳ ರಕ್ತ ನೋಡಿದಾಗ, ಒಂದು ಡೋಸಿನ ನಂತರ ಪ್ರತಿಕಾಯ ಕಂಡದ್ದು ನೂರಕ್ಕೆ 17 ಮಂದಿಯಲ್ಲಿ, ಎರಡು ಡೋಸಿನ ನಂತರ 54 ಮಂದಿಯಲ್ಲಿ. ಮೈಕೋಫಿನೋಲೇಟಿನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಕಡಿಮೆ. ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಕಾಣುತ್ತಿತ್ತು. ಅದಕ್ಕೇ ಅಲ್ಲಿನ ಸರ್ಕಾರ 2021ರ ಆಗಸ್ಟಿನಲ್ಲಿ ನಮ್ಮಂಥವರಿಗೆ ಮೂರನೇ ಡೋಸಿಗೆ ಒಪ್ಪಿಗೆ ಕೊಟ್ಟಿತು. ಇದರಿಂದ ನೀನು ತಿಳಿಯಬೇಕಾದದ್ದು ಲಸಿಕೆ ದಂಡ ಎಂದಲ್ಲ. ನಮಗೆ ಅದು ಪೂರ್ತಿ ಕೊಡೆಯಾಗದು, ಅದನ್ನೇ ನಂಬಿ ಮಳೆಯಲ್ಲಿ ನಿಲ್ಲಬಾರದು ಎಂದು. ನಿನ್ನ ಸುತ್ತ ಇರುವ ಅಮ್ಮ, ಅಪ್ಪ, ತಂಗಿ ಲಸಿಕೆ ಹಾಕಿಸಿಕೊಂಡಿರುವುದು ಅದಕ್ಕೇ ಅಷ್ಟು ಮುಖ್ಯ. ನಿನಗೆ ಮುಂದಿನ ಡೋಸು ಬೇಕೋ, ಯಾವಾಗ ಬೇಕೋ ಎಂಬುದನ್ನು ಮುಂದಿನ ಬಾರಿ ಹೋದಾಗ ಬಾಯಿಬಿಟ್ಟು ಕೇಳು. ಜ್ವರದ ಲಸಿಕೆ ಎಂದು ಕರೆಯುತ್ತಾರಲ್ಲ, ಫ್ಲೂದು, ಅದನ್ನೂ ಕೇಳು.

ಈಗ ಜ್ವರದ ದಿನಕ್ಕೆ ಬರುತ್ತೇನೆ, ನನ್ನ ಮಾತೆಲ್ಲ ಇದಕ್ಕಾಗಿಯೇ. ಪ್ರೆಡ್ನಿಸೋಲೋನ್ ನುಂಗುವವರಿಗೆ ಜ್ವರ ಏರದೆಯೇ ಇರಬಹುದು. ಥರ್ಮಾಮೀಟರಿನಲ್ಲಿ ನೂರು ಕಾಣಲಿ ಎಂದು ಕಾಯಬೇಡ. ಮೈಕೈ ಭಾರ, ರುಚಿಯಿಲ್ಲ, ಭೇದಿ, ಒಣ ಕೆಮ್ಮು ಇಷ್ಟೇ ಸಾಕು. ಪರೀಕ್ಷೆ ಮಾಡಿಸು, ಫೋನು ಮಾಡು. ವೈರಸ್ಸಿನ ಮೇಲೆ ಕೆಲಸ ಮಾಡುವ ಔಷಧಗಳಿಗೆ ಗಡುವಿದೆ. ಕೆಲವನ್ನು ಲಕ್ಷಣ ಕಂಡ ಐದು ದಿನದೊಳಗೆ, ರೆಮ್‌ಡೆಸಿವಿರ್ ಇಂಜೆಕ್ಷನ್ನನ್ನು ಏಳು ದಿನದೊಳಗೆ ಶುರು ಮಾಡಿದರೆ ಕಾಯಿಲೆ ಬಿಗಡಾಯಿಸುವುದನ್ನು ತಡೆಯುವ ಸಾಧ್ಯತೆ ಹೆಚ್ಚು. ಸೋಮವಾರ ನೋಡೋಣ ಎಂದು ನೀನು ಕೂತರೆ ಆ ದಿನಗಳು ಮತ್ತೆ ಸಿಗುವುದಿಲ್ಲ.

ಹೆದರಿದವರು ಮೊದಲು ಮಾಡುವ ಕೆಲಸ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ನಿಲ್ಲಿಸುವುದು. ಅದು ತರ್ಕದಂತೆ ಕಾಣುತ್ತದೆ. ವೈದ್ಯರೂ ಎಷ್ಟೋ ಸಲ ಮೈಕೋಫಿನೋಲೇಟನ್ನು ಕೆಲವು ದಿನ ತಗ್ಗಿಸುತ್ತಾರೆ, ನಿಲ್ಲಿಸುತ್ತಾರೆ. ಎರಡನೇ ಅಲೆಯಲ್ಲಿ ನನಗೆ ಬಂದಾಗಲೂ ಹಾಗೆಯೇ ಮಾಡಿ, ವಾಸಿಯಾದ ಮೇಲೆ ಹಂತಹಂತವಾಗಿ ಮೊದಲಿನ ಪ್ರಮಾಣಕ್ಕೆ ತಂದರು. ಆದರೆ ಯಾವುದನ್ನು, ಎಷ್ಟು, ಎಂದಿನವರೆಗೆ ಎಂಬುದು ಅವರ ಲೆಕ್ಕ. ಬಹುಕಾಲ ಪ್ರೆಡ್ನಿಸೋಲೋನ್ ನುಂಗಿದ ದೇಹ ತಾನೇ ಅಂಥ ಹಾರ್ಮೋನು ಮಾಡುವುದನ್ನು ಮರೆತಿರುತ್ತದೆ. ಜ್ವರದ ನಡುವೆ ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಇನ್ನು ಭೇದಿಯಾದಾಗ ಟ್ಯಾಕ್ರೋ ಲೆವೆಲ್ ತಾನಾಗಿ ಏರುತ್ತದೆ. ಔಷಧ ಹೊರಗೆ ಹೋಯಿತೇನೋ ಎಂದು ಇನ್ನೊಂದು ನುಂಗಿದರೆ ಕಿಡ್ನಿಗೇ ವಿಷ.

ಸೇರಿಸುವ ಅಪಾಯ ಇದಕ್ಕಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಅದು ಪ್ರೀತಿಯ ರೂಪದಲ್ಲಿ ಬರುತ್ತದೆ. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನವನು ಕೊಡುವ ಬ್ರೂಫೆನ್, ಡೈಕ್ಲೋಫೆನಾಕ್ ನಮ್ಮ ಕಿಡ್ನಿಗೆ ಹಗೆ. ಪ್ಯಾರಸಿಟಮಾಲ್ ಸಾಕು. ಕೊರೊನಾಕ್ಕೆಂದೇ ಬಂದ ನಿರ್ಮಾಟ್ರೆಲ್ವಿರ್ ಎಂಬ ಒಳ್ಳೆಯ ಮಾತ್ರೆಯ ಜೊತೆಗೆ ರಿಟೋನಾವಿರ್ ಇರುತ್ತದೆ. ಟ್ಯಾಕ್ರೋಲಿಮಸ್ಸನ್ನು ಕರಗಿಸುವ ಲಿವರಿನ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಆಗ ಟ್ಯಾಕ್ರೋ ರಕ್ತದಲ್ಲಿ ಹಲವು ಪಟ್ಟು ಏರಿ ಕೈ ನಡುಕ, ಕಿಡ್ನಿ ಪೆಟ್ಟು ಎಲ್ಲ ಶುರು. ಬೇರೆ ರೋಗಿಗಳಿಗೆ ಸರಿಯಾಗಿಯೇ ಬರೆದುಕೊಡುವ ಡಾಕ್ಟರಿಗೂ ನೀನು ಟ್ಯಾಕ್ರೋ ಮೇಲಿರುವುದು ನೆನಪಿರದೆ ಹೋಗಬಹುದು, ಬಾಯಿಬಿಟ್ಟು ಹೇಳಬೇಕಾದವನು ನೀನು. ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್ ಕೂಡ ಅದೇ ದಾರಿಯವು. ದೇವನಹಳ್ಳಿಯ ಚಕ್ಕೋತವೂ ಈ ಪಟ್ಟಿಯಲ್ಲಿದೆ ಎಂದರೆ ನೀನು ನಂಬಲಿಕ್ಕಿಲ್ಲ. ವಿಟಮಿನ್ ಸಿ ಸಿಗುತ್ತದೆ ತಿನ್ನು ಎಂದು ಯಾರಾದರೂ ಬಿಡಿಸಿ ಕೊಟ್ಟರೆ ಕೈಮುಗಿದು ಬೇಡವೆನ್ನು.

ಕಷಾಯ ಇನ್ನೊಂದು. 2020ರಲ್ಲಿ ಅಮೃತಬಳ್ಳಿ ಕುದಿಸದ ಮನೆ ಇರಲಿಲ್ಲ. ನಿನ್ನ ಅಜ್ಜಿ ಈಗಲೂ ಹಿತ್ತಲಲ್ಲಿ ಅದನ್ನು ಹಬ್ಬಿಸಿದ್ದಾರೆ. ಶಕ್ತಿ ಹೆಚ್ಚಿಸಲೆಂದು ಕೊಡುವ ಕಷಾಯ, ಅದೇ ಶಕ್ತಿಯನ್ನು ತಗ್ಗಿಸಲೆಂದು ನೀನು ನುಂಗುವ ಮಾತ್ರೆಗೆ ನೇರ ವಿರುದ್ಧದ ದಿಕ್ಕಿನದು. ಅಮೃತಬಳ್ಳಿ ಕುಡಿದ ಕೆಲವರಲ್ಲಿ ಲಿವರ್ ಊತ ಕಂಡದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಅಜ್ಜಿಯ ಮನಸ್ಸು ನೋಯದ ಹಾಗೆ ಹೇಳು, ಆದರೆ ಕುಡಿಯಬೇಡ.

ಸಕ್ಕರೆ ಕಾಯಿಲೆ ನಿನಗೆ ಮೊದಲಿರಲಿಲ್ಲ, ಈಗ ಗಡಿಯಲ್ಲಿದೆ ಎಂದು ನಿಮ್ಮಮ್ಮ ಹೇಳಿದಳು. ಟ್ಯಾಕ್ರೋ ಮತ್ತು ಸ್ಟೀರಾಯ್ಡ್ ಅದನ್ನು ಎಬ್ಬಿಸುತ್ತವೆ. ಎರಡನೇ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಅಂಕೆ ತಪ್ಪಿದವರನ್ನು, ಸ್ಟೀರಾಯ್ಡ್ ಪಡೆದವರನ್ನು. ಕೊರೊನಾ ಬಂದಾಗ ಆಮ್ಲಜನಕ ಬೇಕಾದವರಿಗೆ ಸ್ಟೀರಾಯ್ಡನ್ನು ಏರಿಸುತ್ತಾರೆ, ಆಗ ಸಕ್ಕರೆಯೂ ಏರುತ್ತದೆ. ದಿನಾ ನೋಡಿಕೊ. ಮುಖದ ಒಂದು ಬದಿ ನೋವು, ಕಣ್ಣಿನ ಸುತ್ತ ಬಾವು, ಮೂಗಿನಲ್ಲಿ ಕಪ್ಪು ಕಂಡರೆ ಅರ್ಧ ದಿನವೂ ತಡೆಯಬೇಡ.

ವಾಸಿಯಾದ ಮೇಲೂ ಒಂದು ಮಾತು. ವೈರಸ್ಸು ನಮ್ಮಂಥವರ ಮೈಯಲ್ಲಿ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಉಳಿದದ್ದುಂಟು. ಆಫೀಸಿನವರು ಐದನೆಯ ದಿನಕ್ಕೆ ಕರೆದರೆಂದು ಹೋಗಬೇಡ, ಹಾಗೆಯೇ ಕಸಿ ಕ್ಲಿನಿಕ್ಕಿಗೂ ಹೇಳದೆ ಕೇಳದೆ ಹೋಗಬೇಡ. ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರೂ ನಿನ್ನಂಥವರೇ.

ಮಾಸ್ಕ್ ಹಾಕಿದರೆ ಗೆಳೆಯರು ನಗುತ್ತಾರೆಂದೆ. ನಗಲಿ. ದಿನವಿಡೀ ಹಾಕಿಕೊಳ್ಳೆಂದು ನಾನು ಹೇಳುವುದಿಲ್ಲ. ಬಯಲಲ್ಲಿ, ಮನೆಯಲ್ಲಿ, ಪಾರ್ಕಿನಲ್ಲಿ ಆರಾಮಾಗಿರು. ಆಸ್ಪತ್ರೆ, ಮೆಟ್ರೋ, ಲಿಫ್ಟು, ಎಸಿ ಹಾಕಿ ಬಾಗಿಲು ಮುಚ್ಚಿದ ಮೀಟಿಂಗ್ ಕೋಣೆ, ಇಲ್ಲಿ ಒಳ್ಳೆಯ ಎನ್-95 ಬೇಕು. ಮುಂದಿನ ತಿಂಗಳ ಮದುವೆಗೆ ಬರಲೋ ಬೇಡವೋ ಎಂದು ಒದ್ದಾಡುತ್ತಿದ್ದೀಯಂತೆ. ಬಾ. ಆದರೆ ಹಿಂದಿನ ರಾತ್ರಿಯ ಆರತಕ್ಷತೆಯ ನೂಕುನುಗ್ಗಲು ಬೇಡ. ಬೆಳಗ್ಗೆ ಮುಹೂರ್ತಕ್ಕೆ ಬಂದು ಬಾಗಿಲ ಬಳಿಯ ಸಾಲಿನಲ್ಲಿ ಕೂರು, ಅಕ್ಷತೆ ಹಾಕು, ಮೊದಲ ಪಂಕ್ತಿಯಲ್ಲೇ ನನ್ನ ಪಕ್ಕದಲ್ಲಿ ಊಟ ಮಾಡಿಬಿಡು. ಬದುಕನ್ನು ಬಾಗಿಲು ಹಾಕಿಕೊಂಡು ಕಳೆಯಲಿ ಎಂದು ಯಾರೂ ನಿನಗೆ ಕಿಡ್ನಿ ಕೊಡಲಿಲ್ಲ.

2021ರ ಜೂನ್ ನಿನಗೆ ನೆನಪಿರಬೇಕು. ಕೊರೊನಾ ಕಾಲದಲ್ಲಿ ಜನರ ನೆರವಿಗೆ ಓಡಾಡುತ್ತಿದ್ದ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಮೆದುಳು ನಿಷ್ಕ್ರಿಯವಾಗಿ ಹೋದರು. ಆ ದುಃಖದ ನಡುವೆಯೇ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಊರೆಲ್ಲ ಆಸ್ಪತ್ರೆಗೆ ಹೆದರುತ್ತಿದ್ದ ಆ ತಿಂಗಳುಗಳಲ್ಲೂ ದಾನದ ಅಂಗಗಳನ್ನು ಹಂಚುವ ನಮ್ಮ ರಾಜ್ಯದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಡಯಾಲಿಸಿಸ್ ಮೇಲೆ ಕಾಯುತ್ತಿದ್ದವರಿದ್ದರು, ಈಗಲೂ ಇದ್ದಾರೆ. ನಿನ್ನ ಕಾವಲಿನ ಈ ಸಣ್ಣ ಸಣ್ಣ ಕಿರಿಕಿರಿಗಳನ್ನು ಅವರು ಕಣ್ಣಿಗೊತ್ತಿಕೊಂಡು ಪಡೆಯುತ್ತಿದ್ದರು.

ನಿನ್ನ ಜೊತೆ ಇಷ್ಟು ಮಾತಾಡಿ ನಿಮ್ಮಮ್ಮನ ಸುದ್ದಿ ಎತ್ತದಿದ್ದರೆ ತಪ್ಪಾಗುತ್ತದೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಮತ್ತು ಕೊಟ್ಟ ಮೇಲೆ ತಮ್ಮ ಮೈ ನೋಡಿಕೊಳ್ಳುವುದನ್ನು ಮರೆಯುವವರೂ ಅವರೇ. ಅವಳಿಗೂ ಈಗ ಒಂದೇ ಕಿಡ್ನಿ. ನಿನ್ನ ಕ್ರಿಯಾಟಿನಿನ್ ಅವಳಿಗೆ ಬಾಯಿಪಾಠ, ಅವಳದು ಎಷ್ಟೆಂದು ನಿನಗೆ ಗೊತ್ತೇ? ವರ್ಷಕ್ಕೊಮ್ಮೆ ಅವಳ ಬಿಪಿ, ರಕ್ತ, ಮೂತ್ರ ನೋಡಿಸುವುದು ನಿನ್ನ ಹೊಣೆ. ಮೊಣಕಾಲು ನೋವಿಗೆ ಅವಳು ನುಂಗುವ ಮಾತ್ರೆ ಯಾವುದೆಂದು ಇವತ್ತೇ ಚೀಟಿ ತಿರುಗಿಸಿ ನೋಡು. ಮುಂದಿನ ಬಾರಿ ಕ್ಲಿನಿಕ್ಕಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು, ಅವಳ ಹೆಸರಿನಲ್ಲೂ ಒಂದು ಚೀಟಿ ಮಾಡಿಸು.