ಮೇವಿನೊಳಗಿನ ತಂತಿ ಮತ್ತು ಹಳೆಯ ಸ್ಪೀಕರಿನ ಅಯಸ್ಕಾಂತ

ಅಕ್ಕಂದಿರೇ, ಹಾಲು ಕರೆಯುವ ಸ್ಟೀಲ್ ಬಕೆಟ್ಟಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅನೇಕ ಬಕೆಟ್ಟುಗಳಿಗೆ ಅದು ಅಂಟುವುದಿಲ್ಲ. ಕುಡುಗೋಲಿಗೆ ಹಿಡಿದರೆ ಟಪ್ಪನೆ ಅಂಟುತ್ತದೆ. ಎರಡರಲ್ಲೂ ಇರುವುದು ಬಹುಪಾಲು ಕಬ್ಬಿಣವೇ. ಒಳ್ಳೆಯ ಪಾತ್ರೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಬೆರೆತಿರುತ್ತದೆ. ಕ್ರೋಮಿಯಂ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕು ತಡೆಯುತ್ತದೆ. ನಿಕ್ಕಲ್ ಕಬ್ಬಿಣದ ಕಣಗಳ ಜೋಡಣೆಯನ್ನೇ ಬದಲಿಸುವುದರಿಂದ ಅಯಸ್ಕಾಂತದ ಸೆಳೆತ ಹೋಗುತ್ತದೆ. ಹಸುವಿನ ಹೊಟ್ಟೆಗೆ ತಂತಿ ಹೋದಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಹಸು ನಮ್ಮಂತೆ ಆರಿಸಿ ತಿನ್ನುವುದಿಲ್ಲ. ನಾಲಿಗೆಯಿಂದ ಬಾಚಿ, ಅರೆಬರೆ ಅಗಿದು ನುಂಗಿಬಿಡುತ್ತದೆ. ಮೇವಿನಲ್ಲಿದ್ದ ಮೊಳೆ, ದಬ್ಬಳದ ಚೂರು, ತಂತಿ ಎಲ್ಲವೂ ಒಳಗೆ. ಕಬ್ಬಿಣ ನೀರಿಗಿಂತ ಸುಮಾರು 8 ಪಟ್ಟು ಭಾರ. ಹಾಗಾಗಿ ಅದು ಜೇನುಗೂಡಿನಂಥ ಗೋಡೆಯಿರುವ ಎರಡನೇ ಹೊಟ್ಟೆಯ ತಳದಲ್ಲಿ ಕೂರುತ್ತದೆ. ಈ ಹೊಟ್ಟೆ ನಿಮಿಷಕ್ಕೆ ಒಮ್ಮೆಯಾದರೂ ಗಟ್ಟಿಯಾಗಿ ಹಿಂಡುತ್ತದೆ. ಅದರ ಮುಂದೆ ತೆಳುವಾದ ವಪೆ, ವಪೆಯಾಚೆ ಹೃದಯ. ತುಂಬು ಗಬ್ಬದಲ್ಲಿ ಒತ್ತಡ ಇನ್ನೂ ಹೆಚ್ಚು.

ನನ್ನ ಮಟ್ಟಿಗೆ ದೊಡ್ಡ ಶತ್ರು ಬೈಂಡಿಂಗ್ ವೈರ್. ಹೊಸದರಲ್ಲಿ ಅದು ಮೆತ್ತಗೆ, ಹೇಳಿದಂತೆ ಬಾಗುತ್ತದೆ. ಆದರೆ ಅತ್ತಿತ್ತ ಬಗ್ಗಿಸುತ್ತ ಹೋದರೆ ಒಳಗಿನ ಹರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಆ ಜಾಗ ಗಡುಸಾಗಿ ಪಟ್ಟನೆ ಮುರಿಯುತ್ತದೆ. ನೀವೂ ಇಕ್ಕಳ ಸಿಗದಾಗ ಹೀಗೇ ಮುರಿದಿರುತ್ತೀರಿ. ಆ ಚೂಪು ತುಂಡು ಅಂಗಳದಲ್ಲಿ ಬಿದ್ದು, ಕಸಪೊರಕೆಯ ಜೊತೆ ಮೇವಿಗೆ ಸೇರುತ್ತದೆ. ಮನೆ ಕಟ್ಟುವಾಗ, ಟೈರ್ ಸುಟ್ಟ ಕಡೆ ಇನ್ನಷ್ಟು ಎಚ್ಚರ ಬೇಕು.

ಹಾಲು ಏಕಾಏಕಿ ಇಳಿದು, ಮೇವು ಬಿಟ್ಟು, ಬೆನ್ನು ಕಮಾನು ಮಾಡಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಂತರೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿದು ನರಳಿದರೆ, ಅಜೀರ್ಣವೆಂದು ಕಷಾಯ ಕುಡಿಸುತ್ತ ದಿನ ಕಳೆಯಬೇಡಿ. ಅದೇ ದಿನ ವೈದ್ಯರನ್ನು ಕರೆಸಿ. ಬೇಗ ಬಂದರೆ ಅಯಸ್ಕಾಂತ ನುಂಗಿಸಿ, ಔಷಧಿ ಕೊಟ್ಟು, ಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಬಹುದು. ಗಂಗೆದೊಗಲು ಬಾತು, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿದ ಮೇಲೆ ತಂತಿ ಹೃದಯ ಮುಟ್ಟಿದೆ ಎಂದೇ ತಿಳಿಯಬೇಕು. ಆಗ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ನುಂಗಿಸಿದ ಅಯಸ್ಕಾಂತ ಆ ಹೊಟ್ಟೆಯಲ್ಲೇ ಉಳಿದು ಮುಂದೆ ಬರುವ ಕಬ್ಬಿಣವನ್ನೂ ಹಿಡಿದಿಡುತ್ತದೆ, ಒಂದೇ ಸಾಕು. ಹಾಕಿದ್ದು ನೆನಪಿಲ್ಲದಿದ್ದರೆ ಎದೆಯ ಹಿಂಭಾಗದಲ್ಲಿ ದಿಕ್ಸೂಚಿ ಹಿಡಿದರೆ ಮುಳ್ಳು ತಿರುಗಿ ತಿಳಿಸುತ್ತದೆ. ಆದರೆ ಮೋಟಾರಿನ ತಾಮ್ರದ ತಂತಿ, ಅಲ್ಯೂಮಿನಿಯಂ ತಂತಿ ಇದಕ್ಕೆ ಸಿಗುವುದಿಲ್ಲ. ಅವನ್ನು ಕಣ್ಣಿನಿಂದಲೇ ಹೆಕ್ಕಬೇಕು.

ಮನೆಯಲ್ಲಿ ಕೆಟ್ಟ ಸ್ಪೀಕರ್ ಇದ್ದರೆ ಅದರ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ, ವಾರಕ್ಕೊಮ್ಮೆ ಅಂಗಳದಲ್ಲಿ, ಗೋದಲಿಯಲ್ಲಿ, ಮೇವಿನ ರಾಶಿಯ ತಳದಲ್ಲಿ ಆಡಿಸಿ. ಇದನ್ನು ಮಾತ್ರ ರಾಸಿಗೆ ನುಂಗಿಸಬೇಡಿ; ಹೊಟ್ಟೆಗೆ ಹಾಕುವುದು ನುಣುಪಾದ ಬೇರೆಯೇ ಅಯಸ್ಕಾಂತ, ಅದನ್ನು ವೈದ್ಯರೇ ಹಾಕಬೇಕು.